ಹಾಲ್‌ಗೆ 90 ಸೆಂ.ಮೀ. ಗಡಿಯಾರ: ಸೋಫಾ ಮೇಲೆ ಹಾಕೋದಾ, ಬೇಡವಾ?

ಖಾಲಿಗೋಡೆ

ಎಲ್ಲರಿಗೂ ನಮಸ್ಕಾರ. ದೊಡ್ಡದೊಂದು ಗೋಡೆ ಗಡಿಯಾರ ತಂದು ಹತ್ತು ದಿನವಾಯಿತು. ಇನ್ನೂ ನೆಲದ ಮೇಲೇ ಗೋಡೆಗೆ ಒರಗಿಕೊಂಡಿದೆ. 90 ಸೆಂ.ಮೀ. ಅಗಲ. ಕಪ್ಪು ಲೋಹದ ಬಳೆ, ಒಳಗೆ ಉದ್ದುದ್ದ ರೋಮನ್ ಅಂಕಿಗಳು. ಹಿಂದೆ ಡಯಲ್ ಇಲ್ಲ, ಅಂಕಿಗಳ ಸಂದಿಯಲ್ಲಿ ಗೋಡೆಯೇ ಕಾಣುತ್ತದೆ. ಗಾಜೂ ಇಲ್ಲ. ತೂಕ ನಾಲ್ಕೂವರೆ ಕಿಲೋ.

ಹಾಲ್ 4.5 ಮೀಟರ್ ಉದ್ದ, 3.6 ಮೀಟರ್ ಅಗಲ. ಉದ್ದದ ಒಂದು ಗೋಡೆಗೆ ಸೋಫಾ (2.1 ಮೀಟರ್), ಅದರ ಎದುರು ಟಿವಿ. ಅಗಲದ ಒಂದು ಗೋಡೆಯಲ್ಲಿ ದೊಡ್ಡ ಕಿಟಕಿ. ಇನ್ನೊಂದರಲ್ಲಿ ಊಟದ ಜಾಗಕ್ಕೆ ಹೋಗುವ ಬಾಗಿಲು, ಅದರ ಪಕ್ಕ ಸುಮಾರು ಎರಡು ಮೀಟರ್ ಖಾಲಿ ಗೋಡೆ. ಎಲ್ಲ ಗೋಡೆಗೂ ನಡುಬೂದು ಬಣ್ಣ.

ಚಿತ್ರಗಳಲ್ಲೆಲ್ಲ ಇಂಥ ಗಡಿಯಾರ ಸೋಫಾದ ನೆತ್ತಿಯ ಮೇಲೇ ಇರುತ್ತದೆ. ನಾನೂ ಅಲ್ಲಿಗೆಂದೇ ತಂದಿದ್ದು. ಮೊಳೆ ಹೊಡೆಯುವ ಹೊತ್ತಿಗೆ ಅಮ್ಮ ಒಂದೇ ಮಾತು ಕೇಳಿದರು: "ಸೋಫಾದಲ್ಲಿ ಕೂತವರು ಗಂಟೆ ನೋಡೋಕೆ ಕತ್ತು ಹಿಂದಕ್ಕೆ ತಿರುಗಿಸಬೇಕಾ?" ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಲ್ಲಿಗೆ ಕೆಲಸ ನಿಂತಿದೆ. ಚೆಂದಕ್ಕೆ ಸೋಫಾ ಗೋಡೆಯಾ, ಉಪಯೋಗಕ್ಕೆ ಬೇರೆ ಗೋಡೆಯಾ? ಅನುಭವ ಇರುವವರು ಹೇಳಿ.

ಬಣ್ಣದಡಬ್ಬಿ

ಒಳಾಂಗಣದ ಕೆಲಸ ಮಾಡುತ್ತೇನೆ. ನನ್ನ ಮತ ಸೋಫಾ ಗೋಡೆಗೇ. ಬಾಗಿಲಿನಿಂದ ಒಳಗೆ ಬಂದವರ ಕಣ್ಣಿಗೆ ಮೊದಲು ಬೀಳುವುದು ಅದು, ಗಡಿಯಾರ ಹಾಲ್‌ಗೆ ನಡುವೊಂದನ್ನು ಕೊಡುತ್ತದೆ. ಆದರೆ ಒಂದು ತೊಡಕಿದೆ. ಸೋಫಾದ ಮೇಲೆ ಏನೇ ಹಾಕಿದರೂ ಅದು ಸೋಫಾದ ಅಗಲದ ಮೂರರಲ್ಲಿ ಎರಡು ಪಾಲು ಇದ್ದರೆ ಒಪ್ಪುತ್ತದೆ ಅಂತ ನಾವು ಲೆಕ್ಕ ಹಿಡಿಯುತ್ತೇವೆ. 2.1 ಮೀಟರ್‌ಗೆ ಅದು 1.4 ಮೀಟರ್. ನಿಮ್ಮದು 90 ಸೆಂ.ಮೀ. ಅಂಗಡಿಯಲ್ಲಿ ಬೃಹತ್ತಾಗಿ ಕಂಡದ್ದು ಆ ಸೋಫಾದ ಮೇಲೆ ಬೊಟ್ಟಿನಂತೆ ಕಾಣಬಹುದು. ಅದಕ್ಕೆ ಎರಡೂ ಕಡೆ ಸಣ್ಣ ಚೌಕಟ್ಟಿನ ಚಿತ್ರ ಎರಡೆರಡು ಹಾಕಿ, ಎಲ್ಲ ಸೇರಿ ಒಂದು ಗುಂಪಾಗಲಿ. ಸೋಫಾದ ಬೆನ್ನಿನಿಂದ ಗಡಿಯಾರದ ಕೆಳ ಅಂಚಿಗೆ 20 ಸೆಂ.ಮೀ. ಬಿಡಿ, ಅದಕ್ಕಿಂತ ಮೇಲೆ ಹೋದರೆ ಎರಡಕ್ಕೂ ಸಂಬಂಧ ತಪ್ಪುತ್ತದೆ.

ಅಳತೆಪಟ್ಟಿ

ಮೂರರಲ್ಲಿ ಎರಡು ಪಾಲಿನ ಲೆಕ್ಕ ಸರಿ, ನಾನೂ ಅದನ್ನೇ ಬಳಸಿದ್ದೇನೆ. ಚಿತ್ರಗಳ ಗುಂಪು ಮಾತ್ರ ಬೇಡ ಅನ್ನುತ್ತೇನೆ. ನಮ್ಮ ಮನೆಯಲ್ಲಿ 75 ಸೆಂ.ಮೀ. ಗಡಿಯಾರದ ಸುತ್ತ ಏಳು ಚೌಕಟ್ಟು ಹಾಕಿದ್ದೆವು. ಎರಡು ವರ್ಷ ನೋಡಿದ ಮೇಲೆ ಚೌಕಟ್ಟುಗಳನ್ನೆಲ್ಲ ಇಳಿಸಿದೆವು. ಗೋಡೆಯಲ್ಲಿ ಗಡಿಯಾರ ಒಂದೇ ಚಲಿಸುವ ವಸ್ತು. ಅದರ ಸುತ್ತ ಮೂಲೆ ಮೂಲೆಯ ಚೌಕಗಳನ್ನು ತುಂಬಿದರೆ ಮುಳ್ಳು ಎಲ್ಲಿದೆ ಎಂದು ಕಣ್ಣು ಹುಡುಕಬೇಕಾಗುತ್ತದೆ. ಗಂಟೆ ನೋಡೋದು ಅರೆಕ್ಷಣದ ಕೆಲಸ. ಅಷ್ಟರಲ್ಲಿ ಗೊತ್ತಾಗದಿದ್ದರೆ ಎಲ್ಲರೂ ಮೊಬೈಲ್ ತೆಗೆಯುತ್ತಾರೆ, ಆಮೇಲೆ ಅಷ್ಟು ದೊಡ್ಡದನ್ನು ಗೋಡೆಗೆ ಯಾಕೆ ಹಾಕಿದ್ದು?

ದೊಡ್ಡ ದುಂಡು ಗಡಿಯಾರಕ್ಕೆ ಸುತ್ತ ಖಾಲಿ ಬೇಕು. ನನ್ನ ಅಂದಾಜಿನಲ್ಲಿ ಅದರ ಅರ್ಧ ಅಗಲದಷ್ಟಾದರೂ ಪ್ರತಿ ಬದಿಗೆ.

ಇನ್ನು ಅಮ್ಮನ ಪ್ರಶ್ನೆ. ಇಡೀ ಚರ್ಚೆಗೆ ಅದೇ ಮುಖ್ಯ ಅಂತ ನನಗನ್ನಿಸುತ್ತದೆ. ಮನೆಯಲ್ಲಿ ಯಾರು, ಯಾವ ಹೊತ್ತಿಗೆ, ಎಲ್ಲಿಂದ ಗಂಟೆ ನೋಡುತ್ತಾರೆ? ಬೆಳಿಗ್ಗೆ ಹೊರಡುವ ಗಡಿಬಿಡಿಯಲ್ಲಿ ನೀವು ಎಲ್ಲಿ ನಿಂತಿರುತ್ತೀರಿ? ಆ ಜಾಗಗಳಿಂದ ಯಾವ ಗೋಡೆ ಕಾಣುತ್ತದೋ ಅದೇ ಗಡಿಯಾರದ ಗೋಡೆ.

ಕಿಟಕಿಪಕ್ಕ

ಬೇರೆ ಯಾರೂ ಹೇಳದ ಒಂದು ವಿಷಯ ಹೇಳುತ್ತೇನೆ. ನಮ್ಮ ಹಾಲ್‌ನಲ್ಲಿ ಸೋಫಾ ಮೇಲೇ ಗಡಿಯಾರ ಇತ್ತು. ಬಂದವರು ಸೋಫಾದಲ್ಲಿ ಕೂರುತ್ತಿದ್ದರು, ಅವರೆದುರು ಕುರ್ಚಿಯಲ್ಲಿ ನಾನು. ಮಾತಿನ ನಡುವೆ ನನ್ನ ಕಣ್ಣು ಅವರ ತಲೆಯ ಮೇಲಕ್ಕೆ ಹೋಗುತ್ತಿತ್ತು. ಅಷ್ಟು ದೊಡ್ಡದು ಅಲ್ಲಿದ್ದರೆ ನೋಡದೆ ಇರೋಕಾಗಲ್ಲ. ಒಮ್ಮೆ ನಮ್ಮ ಹಿರಿಯರೊಬ್ಬರು "ನಿಂಗೆ ಹೊತ್ತಾಯ್ತೇನಮ್ಮಾ, ನಾನು ಬರ್ತೀನಿ" ಅಂತ ಎದ್ದೇಬಿಟ್ಟರು. ಎಷ್ಟು ಹೇಳಿದರೂ ಕೂರಲಿಲ್ಲ. ನನಗೆ ತುಂಬಾ ಬೇಜಾರಾಯಿತು.

ಟಿವಿ ಗೋಡೆಗೆ ಬದಲಾಯಿಸಿದೆ. ಆಗ ಬಂದವರ ಕಣ್ಣೆದುರಿಗೇ ಬಂತು, ಈಗ ಅವರೇ ಪದೇ ಪದೇ ಗಂಟೆ ನೋಡತೊಡಗಿದರು. ಸಾಲದ್ದಕ್ಕೆ ರಾತ್ರಿ ಸಿನಿಮಾ ನೋಡುವಾಗ ಪರದೆಯ ಮೇಲೆ ಇನ್ನೊಂದು ದುಂಡು ಮುಖ. ಕೊನೆಗೆ ಅಡ್ಡಗೋಡೆಗೆ ಹಾಕಿದೆವು. ಎರಡೂ ಕಡೆ ಕೂತವರು ಸ್ವಲ್ಪ ಕತ್ತು ಹೊರಳಿಸಿದರೆ ಕಾಣುತ್ತದೆ, ಯಾರ ಮುಖದ ಹಿಂದೆಯೂ ಇಲ್ಲ. ನಿಮ್ಮ ಮನೆಯಲ್ಲಿ ಅಂಥ ಗೋಡೆ ಇದೆಯಲ್ಲ, ಊಟದ ಜಾಗದ ಬಾಗಿಲ ಪಕ್ಕ. ಕಿಟಕಿಯ ಎದುರಿಗೇ ಬರುತ್ತದೆ ಅದು. ಗಾಜಿದ್ದಿದ್ದರೆ ಹಗಲೆಲ್ಲ ಬೆಳಕು ಹೊಳೆದು ಏನೂ ಕಾಣುತ್ತಿರಲಿಲ್ಲ. ನಿಮ್ಮದಕ್ಕೆ ಗಾಜಿಲ್ಲ, ಒಳ್ಳೆಯದೇ ಆಯಿತು.

ಖಾಲಿಗೋಡೆ

ಆ ಹಿರಿಯರ ವಿಷಯ ಓದಿ ಸೋಫಾ ಗೋಡೆ ಮನಸ್ಸಿನಿಂದ ಹೋಯಿತು. ಬಾಗಿಲ ಪಕ್ಕದ ಗೋಡೆ ಅಡುಗೆಮನೆಯ ಬಾಗಿಲಲ್ಲಿ ನಿಂತರೂ ಓರೆಯಾಗಿ ಕಾಣುತ್ತದೆ. ಆದರೆ ಅಲ್ಲಿ ಒಂಟಿಯಾಗಿ ನೇತುಹಾಕಿದ ಹಾಗೆ ಅನ್ನಿಸೋದಿಲ್ಲವೇ? ಮತ್ತೆ ಎಷ್ಟು ಎತ್ತರಕ್ಕೆ?

ಬಣ್ಣದಡಬ್ಬಿ

ನಾನು ನೋಡುವವರ ಕಡೆಯಿಂದ ಮಾತ್ರ ಯೋಚಿಸಿದ್ದೆ, ಕೂರುವವರ ಕಡೆಯಿಂದಲ್ಲ. ಕಿಟಕಿಪಕ್ಕ ಅವರ ಮಾತು ಒಪ್ಪಿದೆ.

ಆ ಗೋಡೆಗೆ ಹೋಗುವುದಾದರೆ ಗಡಿಯಾರದ ಕೆಳಗೆ ನೆಲಕ್ಕೆ ಅಂಟಿದ್ದು ಏನಾದರೂ ಇರಲಿ. 1.2 ಮೀಟರ್ ಅಗಲದ, ಸೊಂಟದೆತ್ತರದ ಕಪಾಟು ಇದ್ದರೆ 90 ಸೆಂ.ಮೀ. ಅದಕ್ಕೆ ಮುಕ್ಕಾಲು ಪಾಲಾಗುತ್ತದೆ, ಒಂಟಿ ಅನ್ನಿಸುವುದಿಲ್ಲ. ಚಿತ್ರಗಳ ನಡುಭಾಗ ನೆಲದಿಂದ 145 ಸೆಂ.ಮೀ. ಆಸುಪಾಸು ಇರಬೇಕು ಎನ್ನುವುದು ಚಿತ್ರಶಾಲೆಗಳ ರೂಢಿ, ನಿಂತವರ ಕಣ್ಣಿನ ಮಟ್ಟ ಅದು. ಗಡಿಯಾರವನ್ನು ಹತ್ತಿರ ನಿಂತು ನೋಡುವುದಿಲ್ಲ, ಜನರ ತಲೆಯ ಮೇಲಿನಿಂದ ನೋಡುತ್ತೇವೆ, ಹಾಗಾಗಿ ಇನ್ನೂ ಸ್ವಲ್ಪ ಮೇಲಿರಲಿ. ನಿಮ್ಮ ಬಾಗಿಲ ಚೌಕಟ್ಟು 2.1 ಮೀಟರ್ ಇದ್ದರೆ ಗಡಿಯಾರದ ತುದಿಯನ್ನು ಅದಕ್ಕೇ ಸಮ ಹಿಡಿಯಿರಿ. ನಡು 165ಕ್ಕೆ ಬರುತ್ತದೆ, ಕೆಳ ಅಂಚು 120ಕ್ಕೆ.

ಇನ್ನೊಂದು, ನಿಮಗೆ ಯಾರೂ ಎಚ್ಚರಿಸಿಲ್ಲ: ಡಯಲ್ ಇಲ್ಲದ ಗಡಿಯಾರಕ್ಕೆ ಗೋಡೆಯೇ ಡಯಲ್. ನಡುಬೂದಿನ ಮೇಲೆ ಕಪ್ಪು ಮುಳ್ಳು ಹಗಲಲ್ಲಿ ಪರವಾಗಿಲ್ಲ, ಸಂಜೆ ದೀಪ ಹಾಕಿದ ಮೇಲೆ ಮಬ್ಬಾಗುತ್ತದೆ. ಮುಳ್ಳಿಗೂ ಹಿನ್ನೆಲೆಗೂ ಬಣ್ಣದಲ್ಲಿ ಎಷ್ಟು ದೂರವೋ ಅಷ್ಟು ಚೆನ್ನಾಗಿ ಗಂಟೆ ಕಾಣುತ್ತದೆ. ಮೇಲಿಂದ ನೇರವಾಗಿ ಬೀಳುವ ಚಾವಣಿ ದೀಪವಿದ್ದರೆ ಮುಳ್ಳಿನ ನೆರಳು ಗೋಡೆಗೆ ಬಿದ್ದು ಮುಳ್ಳು ನಾಲ್ಕಿದ್ದಂತೆ ತೋರುತ್ತದೆ. ಆ ದೀಪದ ಮುಖ ತಿರುಗಿಸಿ.

ಅಳತೆಪಟ್ಟಿ

ಗಂಟೆ ಕಾಣುವ ಮಾತಿಗೆ ಸೇರಿಸುತ್ತೇನೆ. ಅಂಕಿ ದೊಡ್ಡದಿದ್ದರೆ ಸಾಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಸ್ವಿಟ್ಜರ್‌ಲೆಂಡಿನ ರೈಲು ನಿಲ್ದಾಣಗಳ ಗಡಿಯಾರ ನೋಡಿ. ಹಾನ್ಸ್ ಹಿಲ್ಫಿಕರ್ ಎಂಬ ಎಂಜಿನಿಯರ್ 1944ರಲ್ಲಿ ರೂಪಿಸಿದ್ದು. ಅದರಲ್ಲಿ ಅಂಕಿಯೇ ಇಲ್ಲ. ಬಿಳಿ ಡಯಲ್, ದಪ್ಪ ಕಪ್ಪು ಗೀಟುಗಳು, ದಪ್ಪ ಕಪ್ಪು ಮುಳ್ಳುಗಳು. ಪ್ಲಾಟ್‌ಫಾರಂನ ಆ ತುದಿಯಿಂದ ಓಡಿ ಬರುವವನಿಗೂ ಹೊತ್ತು ಗೊತ್ತಾಗಬೇಕು. ನಾವು ಅಂಕಿ ಓದುವುದಿಲ್ಲ, ಎರಡು ಮುಳ್ಳಿನ ನಡುವಿನ ಕೋನ ನೋಡುತ್ತೇವೆ. ಗಡಿಯಾರ ಕೊಳ್ಳುವಾಗ ಮುಳ್ಳಿನ ದಪ್ಪ ನೋಡಿ, ಅಂಕಿಯ ಚಂದ ಆಮೇಲೆ.

ನಿಮ್ಮದರಲ್ಲಿ ನಾಲ್ಕರ ಅಂಕಿ ಹೇಗಿದೆ? ನಾಲ್ಕು ಗೀಟಾ? ಹಳೆಯ ಡಯಲ್‌ಗಳಲ್ಲಿ ಹೆಚ್ಚಾಗಿ ಹಾಗೇ ಇರುತ್ತದೆ. ಎದುರಿಗಿರುವ ಎಂಟರ ಅಂಕಿ ಉದ್ದ, ಅದಕ್ಕೆ ಸರಿದೂಗಲಿ ಎಂದು ಅನ್ನುವ ವಿವರಣೆ ನನಗೆ ಇಷ್ಟ. ತಪ್ಪಾಗಿ ಮಾಡಿದ್ದಾರೆ ಅಂತ ಯಾರೋ ವಾಪಸ್ ಕೊಟ್ಟಿದ್ದು ಗೊತ್ತು, ಅದಕ್ಕೆ ಹೇಳಿದೆ.

ಖಾಲಿಗೋಡೆ

ಹೌದು, ನಾಲ್ಕು ಗೀಟು! ನಾನೂ ತಪ್ಪು ಅಂದುಕೊಂಡಿದ್ದೆ.

ಬಡಗಿಕೈ

ಡ್ರಿಲ್ ಮುಟ್ಟುವ ಮೊದಲು ದಯವಿಟ್ಟು ಒಂದು ಕೆಲಸ ಮಾಡಿ. ರಟ್ಟಿನ ಪೆಟ್ಟಿಗೆ ಬಿಚ್ಚಿ 90 ಸೆಂ.ಮೀ. ದುಂಡಗೆ ಕತ್ತರಿಸಿ, ಗೋಡೆಗೆ ಟೇಪ್ ಹಾಕಿ ಅಂಟಿಸಿ ಮೂರು ದಿನ ಬಿಡಿ. ಹಗಲು ನೋಡಿ, ದೀಪ ಹಾಕಿ ನೋಡಿ, ಬಾಗಿಲಿಂದ, ಸೋಫಾದಿಂದ, ನೆಲದ ಮೇಲೆ ಕೂತು ನೋಡಿ. ಗೋಡೆಯಲ್ಲಿ ತೂತು ಬಿದ್ದ ಮೇಲೆ ಹತ್ತು ಸೆಂ.ಮೀ. ಕೆಳಗಿದ್ದರೆ ಚೆನ್ನಾಗಿತ್ತು ಅನ್ನುವವರನ್ನು ಎಷ್ಟೋ ಜನರನ್ನು ಕಂಡಿದ್ದೇನೆ.

ಇನ್ನು ಗೋಡೆ. ಇಟ್ಟಿಗೆ ಗೋಡೆಯ ಮೇಲೆ ಪುಟ್ಟಿ, ಅದರ ಕೆಳಗೆ ಒಂದರಿಂದ ಒಂದೂವರೆ ಸೆಂ.ಮೀ. ಗಾರೆ. ಆ ಗಾರೆಗೆ ಹಿಡಿತವಿಲ್ಲ. ಒಂದೂವರೆ ಇಂಚಿನ ಮೊಳೆ ಹೊಡೆದರೆ ಅದರಲ್ಲಿ ಅರ್ಧ ಗಾರೆಯಲ್ಲೇ ಇರುತ್ತದೆ. ಒಂದು ಮನೆಯಲ್ಲಿ ಹನ್ನೊಂದು ಕಿಲೋದ ಮರದ ಗಡಿಯಾರವನ್ನು ಕೊಟ್ಟವರೇ ಬಂದು ಅಂಥದೊಂದು ಮೊಳೆಗೆ ನೇತುಹಾಕಿ ಹೋಗಿದ್ದರು. ನಾಲ್ಕು ತಿಂಗಳು ನಿಂತಿತ್ತು. ಒಂದು ಮಧ್ಯಾಹ್ನ ಗಾರೆಯ ಚಕ್ಕೆ ಸಮೇತ ಕೆಳಗೆ ಬಿತ್ತು, ಗಾಜು ಕೋಣೆ ತುಂಬಾ. ಮಗು ಆಡುತ್ತಿದ್ದ ಜಾಗ ಅದು. ಪುಣ್ಯಕ್ಕೆ ಮಗು ಆಗ ಒಳಗೆ ಮಲಗಿತ್ತು. ಅವತ್ತಿನಿಂದ ಎಷ್ಟು ಹಗುರದ ವಸ್ತುವಾದರೂ ನಾನು ಇಟ್ಟಿಗೆಯೊಳಗೆ ನಾಲ್ಕು ಸೆಂ.ಮೀ. ಹೋಗದೆ ಬಿಡುವುದಿಲ್ಲ. ಡ್ರಿಲ್‌ನಲ್ಲಿ 8 ಮಿ.ಮೀ. ತೂತು, ಅದೇ ಅಳತೆಯ ಪ್ಲಗ್, ಅದಕ್ಕೆ ತಕ್ಕ ಸ್ಕ್ರೂ. ಟೊಳ್ಳು ಇಟ್ಟಿಗೆ, ಜಿಪ್ಸಂ ಹಲಗೆಯ ಗೋಡೆಗಳಿಗೆ ಮಾಮೂಲಿ ಪ್ಲಗ್ ಹಿಡಿಯುವುದಿಲ್ಲ, ಒಳಗೆ ಹೋಗಿ ಅರಳಿಕೊಳ್ಳುವ ಬೇರೆ ಜಾತಿಯದು ಬೇಕು.

ಸ್ವಿಚ್‌ಬೋರ್ಡಿನ ನೇರ ಮೇಲೆ ಎಂದೂ ಡ್ರಿಲ್ ಹಾಕಬೇಡಿ. ವೈರು ಗೋಡೆಯೊಳಗೆ ಅಲ್ಲೇ ಇಳಿದಿರುತ್ತದೆ. ಬಾಗಿಲ ಪಕ್ಕದ ಗೋಡೆ ಅಂದಿರಿ, ಸ್ವಿಚ್ ಇರುವುದೇ ಅಲ್ಲಿ, ಜೋಪಾನ.

ಭಾರದ ಗಡಿಯಾರಕ್ಕೆ ನಾನು ಮಾಡುವುದು ಹೀಗೆ: ಒಂದು ಮರದ ಪಟ್ಟಿಯನ್ನು ಉದ್ದಕ್ಕೆ 45 ಡಿಗ್ರಿ ಓರೆಯಾಗಿ ಸೀಳುತ್ತೇನೆ. ಒಂದು ಸೀಳು ಗೋಡೆಗೆ ಎರಡು ಮೂರು ಸ್ಕ್ರೂನಲ್ಲಿ, ಇನ್ನೊಂದು ಗಡಿಯಾರದ ಬೆನ್ನಿಗೆ. ಒಂದರ ಮೇಲೊಂದು ಕೂತರೆ ಭಾರ ಹಂಚಿಹೋಗುತ್ತದೆ, ಗಡಿಯಾರ ವಾಲುವುದೂ ಇಲ್ಲ. ನಿಮ್ಮ ಬಳೆ ಗಡಿಯಾರದಲ್ಲಿ ಪಟ್ಟಿ ಸಂದಿಯಿಂದ ಕಾಣುತ್ತದೆ, ಅದಕ್ಕೆ ಬೇಡ. ನಾಲ್ಕೂವರೆ ಕಿಲೋಗೆ ಒಂದೇ ಒಳ್ಳೆಯ ಸ್ಕ್ರೂ ಸಾಕು. ಬಳೆ ಒಂದೇ ಸ್ಕ್ರೂನಲ್ಲಿ ತೂಗಿದರೆ ಒರೆಸುವಾಗೆಲ್ಲ ಓರೆಯಾಗುತ್ತದೆ, ಕೆಳಗೆ ಆರರ ಹಿಂದೆ ಎರಡು ರಬ್ಬರ್ ಗುಬುಟು ಅಂಟಿಸಿಬಿಡಿ. ರಸಮಟ್ಟವನ್ನು ದುಂಡಿಗೆ ಹಿಡಿದು ಉಪಯೋಗವಿಲ್ಲ. ಒಂಬತ್ತರಿಂದ ಮೂರಕ್ಕೆ ದಾರ ಎಳೆದು ಅದಕ್ಕೆ ಹಿಡಿಯಿರಿ.

ನಿದ್ದೆಗಣ್ಣು

ಸದ್ದಿನ ಬಗ್ಗೆ ಯಾರೂ ಕೇಳಲೇ ಇಲ್ಲ. ನಮ್ಮ ಮನೆ ಚಿಕ್ಕದು, ಹಾಲ್‌ನಲ್ಲೇ ಇಬ್ಬರು ಮಲಗುತ್ತೇವೆ. ದೊಡ್ಡ ಮರದ ಗಡಿಯಾರ ತಂದ ಮೊದಲ ರಾತ್ರಿಯೇ ಟಿಕ್ ಟಿಕ್ ತಲೆಯೊಳಗೇ ಹೊಡೆಯುತ್ತಿದ್ದ ಹಾಗಿತ್ತು. ಸಣ್ಣ ಗಡಿಯಾರದಲ್ಲಿ ಅದೇ ಮಷಿನ್ ಇದ್ದರೂ ಕೇಳುತ್ತಿರಲಿಲ್ಲ. ಒಂದು ತಿಂಗಳು ರಾತ್ರಿ ಸೆಲ್ ತೆಗೆದಿಟ್ಟು ಬೆಳಿಗ್ಗೆ ಗಂಟೆ ತಿರುಗಿಸಿಕೊಂಡು ಕಳೆದೆವು. ಹೀಗೂ ಇರುತ್ತದಾ?

ಗಡಿಯಾರ ರಿಪೇರಿ

ಇರುತ್ತದೆ ತಾಯಿ. ಮಷಿನ್ ಅದೇ, ಹಿಂದಿನ ಹಲಗೆ ದೊಡ್ಡದು. ವೀಣೆಯ ತಂತಿಯ ಸದ್ದನ್ನು ಕೆಳಗಿನ ಕೊಡ ಹೇಗೆ ದೊಡ್ಡದು ಮಾಡುತ್ತದೋ ಹಾಗೇ ತೆಳು ಮರದ ಹಲಗೆ ಟಿಕ್ ಸದ್ದನ್ನು ಹಿಗ್ಗಿಸುತ್ತದೆ. ಗೋಡೆಗೂ ಹಲಗೆಗೂ ನಡುವೆ ಮೂಲೆಗಳಲ್ಲಿ ಫೆಲ್ಟ್ ತುಂಡು ಅಂಟಿಸಿದರೆ ಸ್ವಲ್ಪ ತಗ್ಗುತ್ತದೆ.

ಪೂರ್ತಿ ಹೋಗಬೇಕಾದರೆ ಮಷಿನ್ ಬದಲಿಸಿ. ಸೆಲ್‌ನಲ್ಲಿ ಓಡುವ ಗಡಿಯಾರದೊಳಗೆ ಕ್ವಾರ್ಟ್ಜ್ ಹರಳಿನ ಸಣ್ಣ ಕವೆಯೊಂದಿದೆ. ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡುತ್ತಾ ಹೋದರೆ ಒಂದಕ್ಕೆ ಬರುತ್ತದೆ, ಸೆಕೆಂಡಿಗೆ ಒಂದು ತಳ್ಳು. ಆ ತಳ್ಳಿಗೆ ಸಣ್ಣ ಮೋಟರ್ ಕುಪ್ಪಳಿಸುವುದೇ ನಿಮ್ಮ ಟಿಕ್. ಕುಪ್ಪಳಿಸದೆ ಜಾರುವ ಹಾಗೆ ತಿರುಗುವ ಮಷಿನ್‌ಗಳೂ ಸಿಗುತ್ತವೆ, ಸ್ವೀಪ್ ಮಷಿನ್ ಅಂತ ಕೇಳಿ. ಸೆಲ್ ಸ್ವಲ್ಪ ಬೇಗ ಮುಗಿಯುತ್ತದೆ, ಸದ್ದು ಇಲ್ಲವೆನ್ನುವಷ್ಟು ಕಡಿಮೆ.

ಖಾಲಿಗೋಡೆಯವರೇ, ನಿಮ್ಮ ಗಡಿಯಾರದ ಹಿಂದೆ ಮಷಿನ್ ಪೆಟ್ಟಿಗೆ ಎಷ್ಟು ದೊಡ್ಡದಿದೆ ನೋಡಿ ಹೇಳಿ. ನನಗೊಂದು ಅನುಮಾನ.

ಖಾಲಿಗೋಡೆ

ಅಂಗೈಯ ಅರ್ಧದಷ್ಟು ಚೌಕ, ಒಂದು ಸಣ್ಣ ಸೆಲ್. ಸೆಕೆಂಡ್ ಮುಳ್ಳಿಲ್ಲ. ಸದ್ದು ಹತ್ತಿರ ಹೋದರೆ ಮಾತ್ರ.

ರಟ್ಟು ಅಂಟಿಸಿದ್ದೇವೆ. ಒಂದು ವಿಚಿತ್ರ ಹೇಳಬೇಕು: ಮೊದಲ ದಿನ ಎಲ್ಲರಿಗೂ ವಿಪರೀತ ದೊಡ್ಡದೆನಿಸಿತು, ಮೂರನೇ ದಿನಕ್ಕೆ ಸಹಜವಾಯಿತು. ಅಮ್ಮ ರಟ್ಟಿನ ಮೇಲೆ ಮುಳ್ಳು ಬರೆಸಿ, ಸೋಫಾದಲ್ಲಿ ಕನ್ನಡಕ ತೆಗೆದು ಕೂತು, "ಹತ್ತೂಹತ್ತು, ಕಾಣ್ತಿದೆ" ಅಂದರು. ಬಾಗಿಲ ಚೌಕಟ್ಟಿಗೆ ಸಮ ಹಿಡಿದದ್ದು ತುಂಬಾ ಒಪ್ಪಿತು. ಮಲಗುವ ಕೋಣೆಯ ಒಂದು ಗಿಡ್ಡ ಕಪಾಟನ್ನು ಕೆಳಗೆ ತಂದಿಟ್ಟಿದ್ದೇವೆ. ಈ ಭಾನುವಾರ ಗಡಿಯಾರ ಮೇಲೇರುತ್ತದೆ.

ಬಣ್ಣದಡಬ್ಬಿ

ಹಾಗಿದ್ದರೆ ಹಾಕುವ ಮುಂಚೆಯೇ ಹಿಂದೆ ಒಂದು ತಿಳಿ ವೃತ್ತ ಬಳಿದುಬಿಡಿ. ಗಡಿಯಾರದ ನಡು ಎಲ್ಲಿ ಬರುತ್ತದೋ ಅಲ್ಲಿ ಸಣ್ಣ ಮೊಳೆ, ಅದಕ್ಕೆ 55 ಸೆಂ.ಮೀ. ದಾರ, ತುದಿಗೆ ಪೆನ್ಸಿಲ್. ಸುತ್ತಿದರೆ ಬಳೆಯಾಚೆ ಹತ್ತು ಸೆಂ.ಮೀ. ಅಂಚು ಸಿಗುತ್ತದೆ. ಹೊಳಪಿಲ್ಲದ ಬಣ್ಣ ತಗೊಳ್ಳಿ, ಹಾಲಿನ ಕೆನೆಯ ಛಾಯೆ, ಅಚ್ಚ ಬಿಳಿ ಬೇಡ. ಮೊಳೆಯ ತೂತು ಮಷಿನ್ ಹಿಂದೆ ಮುಚ್ಚಿಹೋಗುತ್ತದೆ. ಮುಳ್ಳಿಗೆ ಬಣ್ಣ ಬಳಿಯುವ ಯೋಚನೆ ಇದ್ದರೆ ಬಿಡಿ, ಬಣ್ಣವೂ ಭಾರವೇ.

ಖಾಲಿಗೋಡೆ (ಐದು ವಾರದ ಮೇಲೆ)

ಗೋಡೆ ನೋಡಿದವರೆಲ್ಲ ಮೆಚ್ಚಿದರು. ಕೆನೆ ಬಣ್ಣದ ವೃತ್ತದ ಮೇಲೆ ಕಪ್ಪು ಮುಳ್ಳು ಸಂಜೆಯೂ ಎದ್ದು ಕಾಣುತ್ತದೆ. ಆದರೆ ಗಡಿಯಾರ ನಿಲ್ಲುತ್ತಿದೆ. ಮೂರು ಸಲ ನಿಂತಿತು, ಮೂರು ಸಲವೂ ನಿಮಿಷದ ಮುಳ್ಳು ಒಂಬತ್ತರ ಹತ್ತಿರ. ಹೊಸ ಸೆಲ್ ಹಾಕಿದರೆ ವಾರ ಓಡಿ ಮತ್ತೆ ಅಲ್ಲೇ. ಕೊಂಡ ಕಡೆ ಕೇಳಿದರೆ ಸೆಲ್ ಸರಿಯಿಲ್ಲ ಅಂದರು. ಯಾಕೆ ಯಾವಾಗಲೂ ಮುಕ್ಕಾಲಿಗೇ ನಿಲ್ಲುತ್ತದೆ?

ಗಡಿಯಾರ ರಿಪೇರಿ

ನನ್ನ ಅನುಮಾನ ಇದೇ ಆಗಿತ್ತು. ನಿಮಿಷದ ಮುಳ್ಳು ಹನ್ನೆರಡರಿಂದ ಆರಕ್ಕೆ ಬರುವಾಗ ಇಳಿಜಾರು, ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಆರರಿಂದ ಹನ್ನೆರಡಕ್ಕೆ ಏರು, ಮಷಿನ್ ಎತ್ತಬೇಕು. ಆ ಏರಿನಲ್ಲೂ ಅತಿ ಕಷ್ಟ ಒಂಬತ್ತರ ಹತ್ತಿರ, ಅಲ್ಲಿ ಮುಳ್ಳು ಪೂರ್ತಿ ಅಡ್ಡವಾಗಿ ನಿಂತಿರುತ್ತದೆ. ತುಂಬಿದ ಬಿಂದಿಗೆಯನ್ನು ಕೈ ಚಾಚಿ ಹಿಡಿದ ಹಾಗೆ. ಸೆಲ್ ಸ್ವಲ್ಪ ಇಳಿಯುತ್ತಲೇ ಮಷಿನ್ ಅಲ್ಲೇ ಸೋಲುತ್ತದೆ. ನಿಮ್ಮ ಮುಳ್ಳು ಮೂವತ್ತೈದು ಸೆಂ.ಮೀ. ಮೇಲಿರಬೇಕು. ಅಂಗೈಯ ಅರ್ಧದ ಮಾಮೂಲಿ ಮಷಿನ್ ಇರುವುದು ಹದಿನೈದು ಸೆಂ.ಮೀ. ಆಸುಪಾಸಿನ ಹಗುರ ಮುಳ್ಳಿಗೆ. ಕೊಂಡ ಕಡೆಯವರು ದೊಡ್ಡ ಬಳೆಗೆ ಸಣ್ಣ ಮಷಿನ್ ಕೂರಿಸಿ ಕಳಿಸಿದ್ದಾರೆ. ನನ್ನ ಮೇಜಿಗೆ ಬರುವ ದೊಡ್ಡ ಗಡಿಯಾರಗಳಲ್ಲಿ ಇದೇ ದೂರು ಹೆಚ್ಚು, ನನಗೆ ಬೇಸರ ತರಿಸುವುದೂ ಇದೇ.

ಇದು ಇವತ್ತಿನ ಸಮಸ್ಯೆಯಲ್ಲ. ಲಂಡನ್ನಿನ ಬಿಗ್ ಬೆನ್ ಗೋಪುರದ ಗಡಿಯಾರ 1859ರಲ್ಲಿ ಓಡತೊಡಗಿತು, ಡಯಲ್ ಒಂದೊಂದೂ ಸುಮಾರು 7 ಮೀಟರ್. ಮೊದಲು ಮಾಡಿಸಿದ್ದ ಎರಕದ ಕಬ್ಬಿಣದ ನಿಮಿಷದ ಮುಳ್ಳುಗಳು ಭಾರವಾದವೆಂದು ತಾಮ್ರದ ತಗಡಿನಲ್ಲಿ ಟೊಳ್ಳಾಗಿ ಮಾಡಿ ಹಾಕಿದರು. ಮುಳ್ಳು ಉದ್ದವಾದಷ್ಟೂ ಹಗುರವಾಗಿರಬೇಕು, ಇಲ್ಲವೇ ಹಿಂಬದಿಗೆ ಬಾಲ ಬೇಕು. ಅಚ್ಚಿನಾಚೆ ಚಾಚಿದ ಬಾಲದ ಭಾರ ತಕ್ಕಡಿಯ ಇನ್ನೊಂದು ತಟ್ಟೆಯಂತೆ ಮುಳ್ಳನ್ನು ಸಮ ಮಾಡುತ್ತದೆ. ಗಡಿಯಾರದ ಮುಳ್ಳಿಗೆ ಬಾಲ ಇರುವುದು ಬರೀ ಅಲಂಕಾರಕ್ಕಲ್ಲ.

ಈಗ ಮಾಡಬೇಕಾದದ್ದು: ಉದ್ದ ಮುಳ್ಳನ್ನು ತಿರುಗಿಸುವಷ್ಟು ಬಲವಿರುವುದು ಬೇಕು, ಹೈ ಟಾರ್ಕ್ ಮಷಿನ್ ಅಂತ ಕೇಳಿ ತಗೊಳ್ಳಿ. ಹಳೆಯದರ ಅಚ್ಚಿನ ಉದ್ದ ಅಳೆದುಕೊಂಡು ಹೋಗಿ, ಅದೇ ಉದ್ದ ಸಿಗಬೇಕು. ಮುಳ್ಳಿನ ತೂತು ಹೊಸ ಅಚ್ಚಿಗೆ ಕೂರುತ್ತದೋ ಅಲ್ಲೇ ನೋಡಿ, ಎಲ್ಲ ಮಷಿನ್‌ಗೂ ಒಂದೇ ಅಳತೆಯಲ್ಲ. ಮುಳ್ಳು ಬಿಚ್ಚಿ ಬೆರಳ ಮೇಲೆ ತೂಗಿ, ಉದ್ದದ ಕಡೆ ತೀರಾ ವಾಲಿದರೆ ಬಾಲದ ಹಿಂದೆ ಸಣ್ಣ ಸೀಸದ ಚೂರು ಅಂಟಿಸಿ. ಸೆಲ್ ಆಲ್ಕಲೈನ್ ಇರಲಿ. ಚಾರ್ಜ್ ಮಾಡುವ ಸೆಲ್ 1.2 ವೋಲ್ಟಿನದು, ಈ ಕೆಲಸಕ್ಕೆ ಸಾಲದು. ಮುಗಿದ ಸೆಲ್ ಒಳಗೆ ಬಿಡಬೇಡಿ, ಸೋರಿ ಮಷಿನ್ ತಿನ್ನುತ್ತದೆ.

ನಿದ್ದೆಗಣ್ಣು

ಸ್ವೀಪ್ ಮಷಿನ್ ಹಾಕಿಸಿದೆವು. ನಿನ್ನೆ ರಾತ್ರಿ ಗಡಿಯಾರ ನಿಂತಿದೆಯೇನೋ ಎಂದು ಎದ್ದು ದೀಪ ಹಾಕಿ ನೋಡಿದೆ, ಓಡುತ್ತಿತ್ತು.

ಖಾಲಿಗೋಡೆ

ಹೊಸ ಮಷಿನ್ ಸಿಕ್ಕಿತು. ಮುಳ್ಳು ಅಳೆದರೆ 38 ಸೆಂ.ಮೀ., ಬಾಲವೇ ಇರಲಿಲ್ಲ. ನಾವೇ ಹಿಂದಕ್ಕೆ ಒಂದು ತಗಡಿನ ತುಂಡು ಚಾಚಿಸಿ ಅದರ ಬೆನ್ನಿಗೆ ಸೀಸ ಅಂಟಿಸಿದೆವು. ಬೆರಳ ಮೇಲೆ ಈಗ ಸಮವಾಗಿ ನಿಲ್ಲುತ್ತದೆ. ಸ್ವಿಚ್‌ಬೋರ್ಡಿನ ಮೇಲೆ ಬರದ ಹಾಗೆ ಸ್ಕ್ರೂ ಆರು ಸೆಂ.ಮೀ. ಬಲಕ್ಕೆ ಹೋಗಿತ್ತು, ಕಪಾಟನ್ನೂ ಅಷ್ಟೇ ಸರಿಸಿದೆವು.

ಹಾಕಿದ ದಿನ ಐದೂಮುಕ್ಕಾಲಾಗುವುದನ್ನೇ ಕಾಯುತ್ತಾ ಮನೆಯವರೆಲ್ಲ ಸೋಫಾದಲ್ಲಿ ಕೂತಿದ್ದೆವು. ಮುಳ್ಳು ಒಂಬತ್ತನ್ನು ದಾಟಿತು. ಅಮ್ಮ ಎದ್ದು ಒಳಗೆ ಹೋದರು, ಹೋಗುವಾಗ ಊಟದ ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿ.